ದ್ರಾಕ್ಷಿಬಳ್ಳಿಯೂ ವರ್ಷದ ಹವೆಯೂ

(ಕೃಷಿಕರು ಹಾಗೂ ವಿದ್ಯಾರ್ಥಿಗಳು ಕೂಡಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲ ಕಾಲಿಡುತ್ತಿದ್ದಂತೆ ಅಡಿಕೆ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಗೊನೆಗಳಿಗೆ ಸಿಂಪಡಿಸುವ ಕೆಲಸ ಮೊದಲಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದೆಂದರೆ ಏನೆಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಆದರೆ ಬೋರ್ಡೋ ಎನ್ನುವುದು ಮೂಲತಃ ಒಂದು ಊರಿನ ಹೆಸರೆಂಬುದನ್ನು ಬಹಳ ಮಂದಿ ಗಮನಿಸಿರಲಾರರು. ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ, ಗರೋನ್ ನದಿಯ ದಡದಲ್ಲಿ ಆ ಊರಿದೆ. ಸುತ್ತಲ ಸೀಮೆಯೆಲ್ಲ ದ್ರಾಕ್ಷಿತೋಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಿಂದ ಬಂದ ಬೂಜುರೋಗ ಆ ತೋಟಗಳನ್ನು ಹಿಡಿಯಿತು. ದಾರಿಯಂಚಿನ ಬಳ್ಳಿಗಳಿಂದ ಹಣ್ಣು ಕೀಳುವವರನ್ನು ಹೆದರಿಸಲೆಂದು ಅಲ್ಲಿನ ರೈತರು ತಾಮ್ರದ ನೀಲಿ ಮಿಶ್ರಣವನ್ನು ಎಲೆಗಳ ಮೇಲೆ ಎರಚುವ ರೂಢಿಯಿತ್ತು. ಹಾಗೆ ಎರಚಿದ ಬಳ್ಳಿಗಳಿಗೆ ರೋಗ ತಗುಲಲಿಲ್ಲವೆಂಬುದನ್ನು ಸಸ್ಯವಿಜ್ಞಾನಿ ಪಿಯರ್ ಮಿಯಾರ್ದೆ ಕಂಡು, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಇಟ್ಟ ಮದ್ದು ರೋಗಕ್ಕೆ ಹತ್ತಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು.

ಬೋರ್ಡೋ ಸೀಮೆ ದ್ರಾಕ್ಷಾರಸಕ್ಕೆ, ಎಂದರೆ ವೈನಿಗೆ, ಲೋಕಪ್ರಸಿದ್ಧವಾದುದು. ಇಂದಿನ ವಿಷಯ ಮದ್ಯದ ಗುಣಗಾನವಲ್ಲ. ಅದನ್ನು ಕುಡಿಯುವುದೂ ಬಿಡುವುದೂ ಅವರವರಿಗೆ ಸೇರಿದ್ದು. ವಿಷಯ ಇಷ್ಟು: ಅಲ್ಲಿಯ ಸೀಸೆಗಳ ಮೇಲೆ ತೋಟದ ಹೆಸರಿನೊಂದಿಗೆ ಒಂದು ವರ್ಷವನ್ನೂ ಅಚ್ಚು ಹಾಕಿರುತ್ತಾರೆ. ಅದು ದ್ರಾಕ್ಷಿ ಕೊಯ್ದ ವರ್ಷ. ಒಂದೇ ತೋಟ, ಒಂದೇ ತಳಿ, ಒಂದೇ ಕೈಕೆಲಸ. ಆದರೂ ಒಂದು ವರ್ಷದ ಸೀಸೆಗೆ ಚಿನ್ನದ ಬೆಲೆ, ಮರುವರ್ಷದ್ದನ್ನು ಕೇಳುವವರಿಲ್ಲ. ನಡುವೆ ಬದಲಾದದ್ದು ಆ ವರ್ಷದ ಮಳೆ, ಬಿಸಿಲು ಮತ್ತು ಚಳಿ ಮಾತ್ರ. ಅಕ್ಕಿಯ ಚೀಲದ ಮೇಲೆ, ಅಡಿಕೆಯ ಮೂಟೆಯ ಮೇಲೆ ಆ ವರ್ಷದ ಹವೆಯನ್ನು ಯಾರೂ ಬರೆಯುವುದಿಲ್ಲ. ದ್ರಾಕ್ಷಾರಸದ ಮೇಲೆ ಬರೆಯುತ್ತಾರೆ.

ಶೀತದೇಶದ ದ್ರಾಕ್ಷಿಬಳ್ಳಿ ಚಳಿಗಾಲವಿಡೀ ಎಲೆಯುದುರಿ ಮಲಗಿರುತ್ತದೆ. ವಸಂತದಲ್ಲಿ ದಿನದ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬಂದಾಗ, ಮಾರ್ಚ್ ಕೊನೆ ಇಲ್ಲವೆ ಏಪ್ರಿಲ್‌ನಲ್ಲಿ, ಕಣ್ಣು ಒಡೆದು ಚಿಗುರುತ್ತದೆ. ಆಗಿನಿಂದಲೇ ರೈತನ ಭಯ ಆರಂಭ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿ, ಉಷ್ಣತೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೆ ಎಳೆಯ ಚಿಗುರು ಹೆಪ್ಪುಗಟ್ಟಿ, ಬೆಳಗಾಗುವಾಗ ಸುಟ್ಟಂತೆ ಕಪ್ಪಾಗಿರುತ್ತದೆ. ಉತ್ತರದ ಶಾಬ್ಲಿ ಎಂಬಲ್ಲಿ ಇಂಥ ರಾತ್ರಿಗಳಲ್ಲಿ ಸಾಲುಗಳ ನಡುವೆ ಸಾವಿರಾರು ಮೇಣದ ಒಲೆಗಳನ್ನು ಹೊತ್ತಿಸುತ್ತಾರೆ. ಇನ್ನು ಕೆಲವರು ಬಳ್ಳಿಗಳ ಮೇಲೆ ನೀರು ಚಿಮುಕಿಸುತ್ತಾರೆ. ಚಳಿಗೆ ನೀರೆರಚುವುದೇ ಎಂದು ಆಶ್ಚರ್ಯವಾಗಬಹುದು. ನೀರು ಮಂಜುಗಡ್ಡೆಯಾಗುವಾಗ ತನ್ನೊಳಗಿನ ಕಾವನ್ನು ಬಿಟ್ಟುಕೊಡುತ್ತದೆ. ಚಿಮುಕಿಸುವುದು ನಿಲ್ಲದಿರುವ ತನಕ ಗಡ್ಡೆಯ ಪೊರೆಯೊಳಗಿನ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿದು ಬದುಕುತ್ತದೆ.

ಜೂನ್ ಹೊತ್ತಿಗೆ ಹೂ. ಕಾಫಿಗೆ ಹೂಮಳೆ ಬೇಕು, ದ್ರಾಕ್ಷಿಗೆ ಅದು ಬೇಡ. ಹೂವಿನ ಹತ್ತು ಹನ್ನೆರಡು ದಿನ ಬೆಚ್ಚಗಿದ್ದು ಒಣಗಿರಬೇಕು. ಚಳಿ, ಮಳೆ ಹಿಡಿದರೆ ಹೂ ಕಾಯಿ ಕಚ್ಚದೆ ಉದುರುತ್ತದೆ. ಕಚ್ಚಿದ್ದೂ ಒಂದೇ ಗೊಂಚಲಿನಲ್ಲಿ ದಪ್ಪ ಕಾಯಿ, ಸಾಸಿವೆ ಕಾಯಿಗಳಾಗಿ ಹಂಚಿಹೋಗುತ್ತದೆ. ಬರುವ ವರ್ಷದ ಗೊಂಚಲುಗಳ ಮೊಳಕೆಯೂ ಇದೇ ದಿನಗಳಲ್ಲಿ ಕಣ್ಣಿನೊಳಗೆ ರೂಪುಗೊಳ್ಳುತ್ತಿರುವುದರಿಂದ, ಒಂದು ಜೂನ್‌ನ ಚಳಿ ಎರಡು ಫಸಲುಗಳ ಮೇಲೆ ಗುರುತು ಬಿಡುತ್ತದೆ.

ಹೂವಿನಿಂದ ಕೊಯ್ಲಿಗೆ ಸುಮಾರು ನೂರು ದಿನ ಎಂಬುದು ಅಲ್ಲಿಯ ಹಳೆಯ ಲೆಕ್ಕ. ಈ ನೂರು ದಿನಗಳಲ್ಲಿ ಬಳ್ಳಿಗೆ ನೀರು ಎಷ್ಟು ಸಿಕ್ಕಿತೆಂಬುದೇ ಮುಖ್ಯ ಪ್ರಶ್ನೆ. ಬೋರ್ಡೋ ವಿಶ್ವವಿದ್ಯಾಲಯದ ಜೆರಾರ್ ಸೆಗ್ಯಾಂ ಅವರು ಮೆದೋಕ್ ಪ್ರದೇಶದ ಗರಸು ನೆಲದಲ್ಲಿ ದೀರ್ಘಕಾಲ ಅಧ್ಯಯನ ಮಾಡಿ, ಉತ್ತಮ ತೋಟಗಳ ನೆಲ ಬಳ್ಳಿಗೆ ನೀರನ್ನು ಅಳೆದು ಅಳೆದು ಕೊಡುತ್ತದೆ ಎಂಬುದನ್ನು ತೋರಿಸಿದರು. ಅತಿಮಳೆಯಲ್ಲಿ ಬೇಗ ಬಸಿದುಹೋಗುತ್ತದೆ. ಬರದಲ್ಲಿ ಆಳಕ್ಕಿಳಿದ ಬೇರಿಗೆ ಒಂದಿಷ್ಟು ತೇವ ಉಳಿಸಿರುತ್ತದೆ. ಬೇಸಿಗೆಯ ನಡುವೆ ಬಳ್ಳಿ ಸ್ವಲ್ಪ ಬಾಯಾರಿದರೆ ಚಿಗುರುವುದನ್ನು ನಿಲ್ಲಿಸಿ ಹಣ್ಣಿನ ಕಡೆ ಮನಸ್ಸು ಕೊಡುತ್ತದೆ. ಕಾಯಿ ಚಿಕ್ಕದಾಗಿ, ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚುತ್ತದೆ. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ.

ಆಗಸ್ಟ್‌ನಲ್ಲಿ ಹಸಿರು ಕಾಯಿ ಕೆಂಪಾಗತೊಡಗುತ್ತದೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿಗಳು: ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ಎಳೆ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಎರಡನೆಯದು ಸೆಕೆಗೆ ಬೇಗ ಕರಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಸಕ್ಕರೆ ಕೂಡುತ್ತಲೇ ಹುಳಿಯೂ ಉಳಿಯುತ್ತದೆ. ಬಿಸಿಲು ಸಾಲದಿದ್ದರೆ ಕ್ಯಾಬರ್ನೆ ತಳಿಯ ರಸದಲ್ಲಿ ದಪ್ಪ ಮೆಣಸಿನಕಾಯಿಯ ಹಸಿ ವಾಸನೆ ನಿಲ್ಲುತ್ತದೆ. ಎರಡರಲ್ಲೂ ಇರುವುದು ಒಂದೇ ಬಗೆಯ ರಾಸಾಯನಿಕ. ಕೊಯ್ಲಿನ ಹೊತ್ತಿಗೆ ಮಳೆ ಸುರಿದರಂತೂ ಕಾಯಿ ನೀರು ಕುಡಿದು ಒಡೆದು ಬೂಷ್ಟು ಹಿಡಿಯುತ್ತದೆ. ಅಂಗಳದಲ್ಲಿ ಅಡಿಕೆ ಹರವಿಕೊಂಡು ಆಕಾಶ ನೋಡುವವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ.

ಆದರೆ ಸುಖವಾಗಿ ಸಾಗಿದ ವರ್ಷವೇ ಶ್ರೇಷ್ಠ ವರ್ಷವೆಂದು ತಿಳಿದರೆ ತಪ್ಪಾದೀತು. 1945ರ ಮೇ 2ರಂದು ಬೋರ್ಡೋದಲ್ಲಿ ಹಿಮಗಟ್ಟುವ ಚಳಿ ಬಿದ್ದು ಬೆಳೆಯ ಬಹುಭಾಗ ನಾಶವಾಯಿತು. ಉಳಿದ ಅಲ್ಪ ಗೊಂಚಲುಗಳು ಬಿಸಿಯಾದ ಒಣ ಬೇಸಿಗೆಯಲ್ಲಿ ಮಾಗಿದವು. ಯುದ್ಧ ಮುಗಿದ ಆ ವರ್ಷದ ದ್ರಾಕ್ಷಾರಸ ಶತಮಾನದ ಶ್ರೇಷ್ಠವಾದುವುಗಳಲ್ಲಿ ಒಂದೆನಿಸಿತು. 1961ರಲ್ಲಿಯೂ ಹೂವಿನ ಕಾಲದ ಚಳಿಗೆ ಕಾಯಿ ಉದುರಿ ಬಳ್ಳಿಗಳು ಹಗುರಾಗಿದ್ದವು, ಆಗಸ್ಟ್, ಸೆಪ್ಟೆಂಬರ್ ಒಣಗಿದ್ದವು, ಫಲ ಅದೇ. ಆದರೆ ಕಷ್ಟಕ್ಕೂ ಒಂದು ಮಿತಿಯಿದೆ. 1956ರ ಫೆಬ್ರವರಿಯ ಘೋರ ಚಳಿ ಸೇಂಟ್ ಎಮಿಲಿಯಾನ್, ಪೊಮೆರೋಲ್ ಸೀಮೆಗಳಲ್ಲಿ ಬೆಳೆಯನ್ನಷ್ಟೇ ಅಲ್ಲದೆ ಬಳ್ಳಿಗಳನ್ನೇ ಕೊಂದಿತು. ರೈತರು ಮರುನೆಡುವಿಕೆಯಿಂದ ಮೊದಲು ಮಾಡಬೇಕಾಯಿತು. ವರ್ಷದ ಕೀರ್ತಿಯನ್ನು ಕೊಂಡಾಡುವವರು ದೂರದ ಪೇಟೆಯವರು. ಅರ್ಧ ಫಸಲು ಕಳೆದುಕೊಂಡವನು ತೋಟದಲ್ಲಿರುವವನು ಎಂಬುದನ್ನೂ ಇಲ್ಲಿ ನೆನೆಯಬೇಕು.

ಬೋರ್ಡೋದ ದಕ್ಷಿಣಕ್ಕಿರುವ ಸೊಟೆರ್ನ್‌ನಲ್ಲಿ ಬೂಷ್ಟೇ ವರವಾಗುತ್ತದೆ. ಸಿರೋನ್ ಎಂಬ ತಣ್ಣನೆಯ ಹೊಳೆ ಬೆಚ್ಚಗಿನ ಗರೋನ್ ನದಿಗೆ ಸೇರುವೆಡೆ ಶರತ್ಕಾಲದ ಬೆಳಗುಗಳಲ್ಲಿ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು ಬರುತ್ತದೆ. ಮಂಜಿಗೆ ಹಣ್ಣಿನ ಮೇಲೆ ಬೂಷ್ಟು ಹಬ್ಬುತ್ತದೆ, ಬಿಸಿಲಿಗೆ ನೀರಿನಂಶ ಆರುತ್ತದೆ. ಸುಕ್ಕಿದ ಹಣ್ಣಿನಿಂದ ಜೇನಿನಂಥ ಸಿಹಿರಸ ಬರುತ್ತದೆ. ಬಿಸಿಲು ತಪ್ಪಿ ಮಳೆ ಬಂದರೆ ಅದೇ ಬೂಷ್ಟು ಬರಿಯ ಕೊಳೆ. ಅಲ್ಲಿಯ ಹೆಸರಾಂತ ಶಾತೊ ದಿಕೆಮ್ ತೋಟ 1964, 1972, 1974, 1992 ಮತ್ತು 2012ರಲ್ಲಿ ತನ್ನ ಹೆಸರಿನ ಸಿಹಿ ದ್ರಾಕ್ಷಾರಸವನ್ನು ಹೊರತರಲೇ ಇಲ್ಲ.

ಹವೆಗೂ ಹಣ್ಣಿಗೂ ಇಷ್ಟು ನಿಕಟವಾದ ನಂಟಿರುವುದರಿಂದಲೇ ಕೊಯ್ಲಿನ ದಿನಾಂಕವೊಂದು ಆ ವರ್ಷದ ಉಷ್ಣಮಾಪಕವಾಗಬಲ್ಲದು. ಬೇಸಿಗೆ ಬಿಸಿಯಾಗಿದ್ದರೆ ಕೊಯ್ಲು ಬೇಗ, ತಂಪಾಗಿದ್ದರೆ ತಡ. ಇಂಡೊನೇಷ್ಯದ ತಂಬೋರ ಜ್ವಾಲಾಮುಖಿ 1815ರಲ್ಲಿ ಸಿಡಿದು ಆಕಾಶಕ್ಕೆ ಮಸುಕು ಕವಿದಾಗ, 1816ರಲ್ಲಿ ಫ್ರಾನ್ಸಿನ ದ್ರಾಕ್ಷಿ ಬಹಳ ತಡವಾಗಿ, ಅರೆಮಾಗಿಯೇ ಕೊಯ್ಲಾಯಿತು. ಇತಿಹಾಸಕಾರ ಎಮಾನ್ಯುಯೆಲ್ ಲೆ ರುವಾ ಲಾದುರಿ ಅವರು 1967ರಷ್ಟು ಹಿಂದೆಯೇ ಇಂಥ ದಿನಾಂಕಗಳ ಆಧಾರದಿಂದ ಹವಾಮಾನದ ಚರಿತ್ರೆಯನ್ನು ಬರೆದರು. ಅತ್ಯಂತ ದೀರ್ಘವಾದ ಸರಣಿ ಬರ್ಗಂಡಿ ಸೀಮೆಯ ಬೋನ್ ಎಂಬ ಪಟ್ಟಣದ್ದು. ಅಲ್ಲಿಯ ಚರ್ಚು ಕೊಯ್ಲಿನ ಆಳುಗಳಿಗೆ ಕೊಟ್ಟ ಕೂಲಿಯ ಲೆಕ್ಕ, ಪುರಸಭೆಯ ನಡಾವಳಿ, ಮುಂದೆ ಪತ್ರಿಕೆಗಳ ವರದಿ ಇವನ್ನೆಲ್ಲ ಜೋಡಿಸಿ, ಥಾಮಸ್ ಲಾಬೆ ಮತ್ತು ಅವರ ಸಂಗಡಿಗರು 1354ರಿಂದ 2018ರವರೆಗಿನ ಕೊಯ್ಲಿನ ದಿನಗಳನ್ನು 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಆರಂಭವಾಗುತ್ತಿತ್ತು. 1988ರಿಂದೀಚೆಗೆ ಅದು ಸರಾಸರಿ 13 ದಿನ ಮುಂದಕ್ಕೆ ಬಂದಿದೆ. ಆರು ಶತಮಾನಗಳಲ್ಲಿ ಅತಿ ಬೇಗನೆ ಬಂದ ಕೊಯ್ಲು ಅಪರೂಪದ ಸಂಗತಿಯಾಗಿತ್ತು. 2003ರಿಂದ 2018ರವರೆಗಿನ ಹದಿನಾರು ವರ್ಷಗಳಲ್ಲಿ ಎಂಟು ಅಂಥವು.

ಹೆಚ್ಚು ಕಳವಳದ ಮಾತು ಇನ್ನೊಂದಿದೆ. 2016ರಲ್ಲಿ ಬೆಂಜಮಿನ್ ಕುಕ್, ಎಲಿಜಬೆತ್ ವೊಲ್ಕೊವಿಚ್ ಎಂಬ ಸಂಶೋಧಕರು 1600ರಿಂದ 2007ರವರೆಗಿನ ಕೊಯ್ಲುಗಳನ್ನು ಪರಿಶೀಲಿಸಿದರು. ಹಿಂದೆ ಕೊಯ್ಲು ಬೇಗ ಬರಬೇಕಾದರೆ ಬೇಸಿಗೆಯ ಬರ ಅಗತ್ಯವಾಗಿತ್ತು. ನೆಲದಲ್ಲಿ ತೇವವಿದ್ದರೆ ಅದು ಆವಿಯಾಗುವಾಗ ಗಾಳಿಯನ್ನು ತಂಪಾಗಿಸುತ್ತದೆ; ನೆಲ ಒಣಗಿದ ಮೇಲೆಯೇ ಬಿಸಿ ಏರುತ್ತಿತ್ತು. ವಸಂತದ ಮಳೆ, ಅನಂತರದ ಒಣ ಬಿಸಿಲು, ಬೇಗನೆ ಕೊಯ್ಲು, ಒಳ್ಳೆಯ ವರ್ಷ ಎಂಬ ತಲೆಮಾರುಗಳ ಅನುಭವಜ್ಞಾನ ನಿಂತಿದ್ದುದು ಈ ಸಂಬಂಧದ ಮೇಲೆ. 1980ರ ದಶಕದಿಂದೀಚೆಗೆ ಆ ಸಂಬಂಧ ಸಡಿಲವಾಗಿದೆಯೆಂದು ಅವರು ಕಂಡರು. ವಾತಾವರಣದ ಒಟ್ಟು ಕಾವೇ ಏರಿರುವುದರಿಂದ ಬರವಿಲ್ಲದೆಯೂ ಕೊಯ್ಲು ಬೇಗ ಬರುತ್ತಿದೆ. ಅಜ್ಜ ಹೇಳಿಕೊಟ್ಟ ಲಕ್ಷಣ ಕಣ್ಣಿಗೆ ಕಾಣುತ್ತದೆ, ಅದರ ಹಿಂದಿನ ಕಾರಣ ಬೇರೆಯಾಗಿದೆ.

ಮೊದಮೊದಲು ಈ ಕಾವು ಫ್ರಾನ್ಸಿನವರಿಗೆ ಲಾಭವಾಗಿಯೇ ಕಂಡಿತು. ಹಣ್ಣು ಮಾಗದ ವರ್ಷಗಳಲ್ಲಿ ರಸಕ್ಕೆ ಸಕ್ಕರೆ ಬೆರೆಸುವ ಪದ್ಧತಿ ಅಲ್ಲಿತ್ತು. ನೆಪೋಲಿಯನ್ನನ ಮಂತ್ರಿ ಶಾಪ್ತಾಲನ ಹೆಸರನ್ನೇ ಅದು ಹೊತ್ತಿದೆ. ಆ ಅಗತ್ಯ ಕಡಿಮೆಯಾಯಿತು. ಆಮೇಲೆ 2003ರ ಆಗಸ್ಟ್ ಬಂದಿತು. ಫ್ರಾನ್ಸಿನಲ್ಲಿ ಸುಮಾರು 15,000 ಮಂದಿ, ಬಹುತೇಕ ವೃದ್ಧರು, ಆ ಸೆಕೆಗೆ ಬಲಿಯಾದರು. ತೋಟಗಳಲ್ಲಿ ಹಣ್ಣು ಬಳ್ಳಿಯಲ್ಲೇ ಬೆಂದು, ಹುಳಿ ಕರಗಿ, ರಸಕ್ಕೆ ಹುಳಿಯನ್ನು ಬೆರೆಸಲು ವಿಶೇಷ ಅನುಮತಿ ಪಡೆಯಬೇಕಾಯಿತು. ಸಕ್ಕರೆ ಬೆರೆಸುತ್ತಿದ್ದ ಕೈಗಳು ಹುಳಿ ಬೆರೆಸತೊಡಗಿದವು.

ಕಾವು ಏರಿದರೆ ಹಿಮದ ಭಯವಾದರೂ ತಪ್ಪೀತೆಂದು ತೋರಬಹುದು. ನಡೆದದ್ದು ಹಾಗಲ್ಲ. 2021ರಲ್ಲಿ ಮಾರ್ಚ್ ಕೊನೆಯೇ ಬೆಚ್ಚಗಾಗಿ ಬಳ್ಳಿ ಬೇಗ ಚಿಗುರಿತು. ಏಪ್ರಿಲ್ ಮೊದಲ ವಾರಗಳಲ್ಲಿ ಚಳಿ ಮರಳಿ ಬಂದು ಚಿಗುರನ್ನೆಲ್ಲ ಸುಟ್ಟಿತು. ಚಿಗುರಿದ ಮೇಲೆ ಇಂಥ ಹಿಮ ಬೀಳುವ ಸಂಭವವನ್ನು ಹವಾಮಾನ ಬದಲಾವಣೆ ಶೇ. 60ರಷ್ಟು ಹೆಚ್ಚಿಸಿದೆಯೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. 2022ರ ಜುಲೈಯಲ್ಲಿ ಬೋರ್ಡೋ ಸೀಮೆಯ ಪೈನ್ ಕಾಡುಗಳು ಹೊತ್ತಿ ಉರಿದವು. 2023ರಲ್ಲಿ ತೇವ, ಸೆಕೆ ಕೂಡಿ ಬೂಜುರೋಗ ಹಬ್ಬಿತು, ಮತ್ತೆ ತಾಮ್ರದ ಸಿಂಪರಣೆ. ಒಂದೂಕಾಲು ಶತಮಾನಕ್ಕೂ ಮಿಕ್ಕಿ ಸಿಂಪಡಿಸಿದ ತಾಮ್ರ ಆ ನೆಲದಲ್ಲೇ ಉಳಿದಿದೆ. ಯುರೋಪಿನ ನಿಯಮ 2019ರಿಂದ ಅದನ್ನು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗೆ ಮಿತಗೊಳಿಸಿದೆ. ಅಡಿಕೆ ತೋಟದ ಮಣ್ಣಿನ ತಾಮ್ರವನ್ನು ಅಳೆದು ನೋಡಬೇಕೆಂಬ ಕುತೂಹಲ ಇಲ್ಲಿನ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಹುಟ್ಟಿದರೆ ಒಳ್ಳೆಯದು.

ತಳಿಗಳ ವಿಷಯದಲ್ಲಿ ಹಟಮಾರಿಗಳಾದ ಬೋರ್ಡೋದವರು 2021ರಲ್ಲಿ ಆರು ಹೊಸ ತಳಿಗಳಿಗೆ ಬಾಗಿಲು ತೆರೆದರು. ಅವುಗಳಲ್ಲಿ ತುರಿಗಾ ನಾಸಿಯೊನಾಲ್ ಎಂಬುದು ಬಿಸಿಲಿನ ಪೋರ್ಚುಗಲ್ಲಿನದು. ಆದರೆ ತೋಟದ ಶೇ. 5ಕ್ಕಿಂತ ಹೆಚ್ಚು ನೆಡುವಂತಿಲ್ಲ, ಮಿಶ್ರಣದಲ್ಲಿ ಶೇ. 10ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನಲ್ಲೂ ವಿಜಯಪುರದ ಕಡೆಯೂ ದ್ರಾಕ್ಷಿ ಇದೆಯಲ್ಲ ಎನ್ನಬಹುದು. ಇಲ್ಲಿ ಬಳ್ಳಿ ಚಳಿಗೆ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡಿ, ಮಳೆಗಾಲ ಕಳೆದ ಮೇಲೆ ಫಲ ಹಿಡಿಸಿ, ಬೇಸಿಗೆಯ ಮೊದಲಿಗೆ ಕೊಯ್ಯುತ್ತಾರೆ. ಋತುವನ್ನು ಕತ್ತರಿಯೇ ಆರಂಭಿಸುವಲ್ಲಿ ಕೊಯ್ಲಿನ ದಿನಾಂಕದಿಂದ ಹವೆಯನ್ನು ಓದುವುದು ಬೋನ್ ಪಟ್ಟಣದಲ್ಲಿನಷ್ಟು ಸುಲಭವಲ್ಲ.

ಓದಬಲ್ಲ ಲೆಕ್ಕ ಮಲೆನಾಡಿನಲ್ಲಿ ಬೇರೆ ಕಡೆ ಇದೆ. ಕೊಡಗು, ಚಿಕ್ಕಮಗಳೂರುಗಳ ಎಷ್ಟೋ ಕಾಫಿ ತೋಟಗಳಲ್ಲಿ ಎರಡು ಮೂರು ತಲೆಮಾರುಗಳ ಮಳೆಯ ಅಳತೆ ಬರೆದಿಟ್ಟಿದ್ದಾರೆ. ಅದರ ಪಕ್ಕದಲ್ಲೇ ಚೆಕ್‌ರೋಲ್ ಪುಸ್ತಕಗಳಿರುತ್ತವೆ: ಯಾವ ದಿನ ಎಷ್ಟು ಆಳು, ಯಾವ ಕೆಲಸಕ್ಕೆ. ಹಣ್ಣು ಕೊಯ್ಲಿಗೆ ಮೊದಲ ಆಳು ಇಳಿದ ದಿನ ಅದರಲ್ಲಿ ದಾಖಲಾಗಿರುತ್ತದೆ. ಬೋನ್ ಪಟ್ಟಣದ ಗುಮಾಸ್ತನೂ ಬರೆದದ್ದು ಕೂಲಿಯ ಲೆಕ್ಕವನ್ನೇ. ಅಟ್ಟದಲ್ಲಿರುವ ಇಂಥ ಪುಸ್ತಕಗಳಿಗೆ ಗೆದ್ದಲು ಹಿಡಿಯುವ ಮೊದಲು, ಬರುವ ರಜೆಯಲ್ಲಿ, ಒಂದೊಂದು ಮನೆಯ ಒಂದೊಂದು ದಿನಾಂಕವನ್ನು ನಕಲು ಮಾಡಿಕೊಳ್ಳಲು ಶಾಲೆಯ ಮಕ್ಕಳಿಗೂ ಸಾಧ್ಯ.