ಕಂಪವಾತಕ್ಕೆ ತಾಳದ ಊರುಗೋಲು



ಅಂಗೈಯ ಮೇಲೆ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನಿಲ್ಲಿಸಬೇಕೆಂದಿರುವ ಹಿರಿಯರ ಕೈಯು ತಾನೇ ತಾನಾಗಿ ನಡುಗತೊಡಗಿದರೆ ಅವರಿಗಾಗುವ ವ್ಯಥೆಯು ಅಷ್ಟಿಷ್ಟಲ್ಲ. ಪಂಕ್ತಿಯಲ್ಲಿ ಪ್ರಸಾದವು ಚೆಲ್ಲೀತೆಂದು ನಾಚಿ ಕೆಲವರು ಮಠಕ್ಕೆ ಬರುವದನ್ನೇ ಬಿಡುತ್ತಾರೆ. ಮನೆಯವರಾದರೂ ಇದು ಮುಪ್ಪಿನ ಸಹಜಧರ್ಮವೆಂದೋ ಪೂರ್ವಕರ್ಮದ ಫಲವೆಂದೋ ಬಗೆದು ಸುಮ್ಮನಾಗುತ್ತಾರೆ. ಆದರೆ ಇದು ಪಾಪದ ಫಲವಲ್ಲ. ಮಿದುಳಿಗೆ ಸಂಬಂಧಿಸಿದ ಒಂದು ರೋಗವು.

ಆಯುರ್ವೇದವು ಇದನ್ನು ಕಂಪವಾತವೆಂದಿತು. 1817ರಲ್ಲಿ ಜೇಮ್ಸ್ ಪಾರ್ಕಿನ್‌ಸನ್ ಎಂಬ ಲಂಡನ್ನಿನ ವೈದ್ಯನು ಇದರ ಲಕ್ಷಣಗಳನ್ನು ಬರೆದಿಟ್ಟ ಕಾರಣ ಅವನ ಹೆಸರೇ ಈ ರೋಗಕ್ಕೆ ನಿಂತಿತು. ಮಿದುಳಿನ ಆಳದಲ್ಲಿ ಕಪ್ಪು ಛಾಯೆಯ ಒಂದು ಭಾಗವಿದೆ. ಅಲ್ಲಿಯ ಜೀವಕಣಗಳು ಡೋಪಮಿನ್ ಎಂಬ ದ್ರವ್ಯವನ್ನು ಸಿದ್ಧಪಡಿಸುತ್ತವೆ. ಆ ಕಣಗಳು ನಶಿಸುತ್ತ ಹೋದಂತೆ ಕೈ ನಡುಗುವದು, ಮೈ ಬಿಗಿಯುವದು, ಹೆಜ್ಜೆ ಕಿರಿದಾಗುವದು, ದನಿ ಕುಗ್ಗುವದು. ಹೊಸ್ತಿಲ ಬಳಿಗೆ ಬಂದ ಮನುಷ್ಯನು ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವದೂ ಉಂಟು. ಕಾಲಿನಲ್ಲಿ ಬಲವಿಲ್ಲವೆಂದಲ್ಲ, ಹೆಜ್ಜೆಯನ್ನು ಎತ್ತೆಂದು ಒಳಗಿನಿಂದ ಬರಬೇಕಾದ ಸೂಚನೆಯು ಹೊತ್ತಿಗೆ ಸರಿಯಾಗಿ ಬರುವದಿಲ್ಲ.

ಒಳಗಿನ ತಾಳವು ತಪ್ಪಿದಾಗ ಹೊರಗಿನ ತಾಳವು ಆಸರೆಯಾಗಬಲ್ಲದೆಂಬುದೇ ಇಂದಿನ ಮಾತಿನ ಸಾರವು. 1996ರಲ್ಲಿ ಅಮೇರಿಕೆಯಲ್ಲಿ ಮೈಕೇಲ್ ಥೌಟ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ರೋಗಿಗಳು ಮೂರು ವಾರ, ದಿನಾಲು ಅರ್ಧ ತಾಸು, ತಾಳದ ಪೆಟ್ಟು ಎದ್ದು ಕೇಳುವ ಸಂಗೀತಕ್ಕೆ ಹೆಜ್ಜೆಯಿಟ್ಟು ನಡೆದರು. ಅವರ ನಡಿಗೆಯ ವೇಗವು ಸರಾಸರಿ ನೂರಕ್ಕೆ 25ರಷ್ಟೂ ಹೆಜ್ಜೆಯ ಉದ್ದವು ನೂರಕ್ಕೆ 12ರಷ್ಟೂ ಹೆಚ್ಚಿದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಸಂಗೀತಕ್ಕೂ ಮಿದುಳಿಗೂ ಇರುವ ಸಂಬಂಧವನ್ನು ಶೋಧಿಸುವ ಪ್ರಯೋಗಶಾಲೆಯನ್ನು ಡಾ. ಶಾಂತಲಾ ಹೆಗಡೆಯವರು ನಡೆಸಿಕೊಂಡು ಬಂದಿದ್ದಾರೆ.

ಕಳ್ಳಕವಟಗಿಯ ಸೀಮೆಗೆ ಇದು ತೀರ ಹೊಸ ಮಾತೇನೂ ಅಲ್ಲ. ಜೋಳದ ರಾಶಿಯ ಕಾಲಕ್ಕೆ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುವಾಗ ರೈತನು ಹಂತಿಯ ಪದವನ್ನು ಹಾಡುತ್ತಿದ್ದನು. ಆ ಹಾಡಿನ ಲಯದಲ್ಲಿ ದಣಿದ ಕಾಲುಗಳೂ ಸಾಗುತ್ತಿದ್ದವು. ಬೀಸುವ ಕಲ್ಲಿನ ಮುಂದೆ ತಾಯಂದಿರ ತೋಳುಗಳಿಗೆ ಹಾಡೇ ಜೊತೆಯಾಗಿತ್ತು. ಅಂಥ ಹಾಡುಗಳನ್ನು ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರು. ಯಂತ್ರಗಳು ಬಂದ ಮೇಲೆ ಹಂತಿಯೂ ಬೀಸುವ ಕಲ್ಲೂ ಅಪರೂಪವಾದವು. ಆದರೂ ಇಂದು ಕಂಪವಾತದಿಂದ ಬಳಲುವ ಹಿರಿಯರ ನೆನಪಿನಲ್ಲಿ ಆ ಲಯವು ಇನ್ನೂ ಉಳಿದಿದೆ. ಅವರಿಗೆ ಬೇಕಾದ ಔಷಧಿಯ ಒಂದು ಪಾಲು ಅವರಲ್ಲಿಯೇ ಇದೆಯೆಂದರೂ ಸಲ್ಲುವದು.

ಆದರೆ ಕ್ರಮವನ್ನು ತಿಳಿದು ಮಾಡಬೇಕು. ಮೊದಲು ರೋಗಿಯು ಒಂದು ನಿಮಿಷಕ್ಕೆ ಸಹಜವಾಗಿ ಎಷ್ಟು ಹೆಜ್ಜೆಗಳನ್ನಿಡುವನೆಂಬದನ್ನು ಎಣಿಸಬೇಕು. ತಾಳವನ್ನು ಅಷ್ಟಕ್ಕೇ ಹಿಡಿದು, ಅದು ಹೊಂದಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಕರಡಿಮಜಲಿನಂಥ ಬಿರುಸಾದ ವಾದ್ಯವು ಇದಕ್ಕೆ ತಕ್ಕುದಲ್ಲ. ಅವಸರದ ತಾಳಕ್ಕೆ ಕಾಲು ಮುಗ್ಗರಿಸಿ ರೋಗಿಯು ಬಿದ್ದಾನು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹೊಸ್ತಿಲಲ್ಲಿ ಕಾಲು ಕಟ್ಟಿದರೆ ಎಳೆಯಲಾಗದು. ನಿಂತು, ಉಸಿರೆಳೆದು, ಒಂದೆರಡು ಪೆಟ್ಟು ತಾಳವನ್ನು ಕೇಳಿಸಿ ಹೆಜ್ಜೆಯೆತ್ತಿಸಬೇಕು. ಬಾಯಿತುಂಬ ಹಾಡುವದು ಕುಗ್ಗಿದ ದನಿಗೂ ಉಸಿರಿಗೂ ಒಳ್ಳೆಯ ಸಾಧನೆಯು. ಅಭ್ಯಾಸವನ್ನು ಬಿಟ್ಟರೆ ಪಡೆದ ಗುಣವು ಕ್ರಮೇಣ ಇಳಿದುಹೋಗುವದು.

ಸಂಗೀತವು ರೋಗವನ್ನು ನಿರ್ಮೂಲ ಮಾಡುವದಿಲ್ಲ. ಅದು ಊರುಗೋಲು ಮಾತ್ರ. ಡಾಕ್ಟರರು ಕೊಟ್ಟ ಗುಳಿಗೆಯನ್ನು ಹೊತ್ತು ತಪ್ಪದೆ ತೆಗೆದುಕೊಳ್ಳಬೇಕು. ನಸುಗುನ್ನಿಯ ಬೀಜದಲ್ಲಿ ಈ ಗುಳಿಗೆಯ ಸತ್ವವಾದ ಲೆವೊಡೋಪವಿರುವದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ತೋರಿಸಿಕೊಟ್ಟರು. ಹಾಗೆಂದು ಬೀಜವನ್ನು ತಾವೇ ಅರೆದು ಕುಡಿಯುವದು ಅಪಾಯಕರವು. ನಡುಗುವ ಕೈಯೆಲ್ಲವೂ ಕಂಪವಾತವಲ್ಲವಾದ್ದರಿಂದ ಮೊದಲು ನರರೋಗತಜ್ಞರಿಗೆ ತೋರಿಸುವದೇ ವಿಹಿತವು.

ದೇಹದ ಕೊರತೆಗೆ ನಾದವು ಆಧಾರವಾದ ಬಗೆಯನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮವು ಲೋಕಕ್ಕೆ ತೋರಿಸಿದೆ. ಪಂಚಾಕ್ಷರಿ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ತಾವು ಕಣ್ಣಿಲ್ಲದವರಾಗಿದ್ದು, ಎಷ್ಟೋ ಅಂಧ ಮಕ್ಕಳಿಗೆ ಸಂಗೀತದಿಂದ ಬಾಳುವೆಯನ್ನು ಕಟ್ಟಿಕೊಟ್ಟರು. ಕಣ್ಣಿಲ್ಲದವರನ್ನು ನಡೆಯಿಸಿದ ನಾದವು ಕಾಲು ತಡೆದವರನ್ನೂ ನಡೆಯಿಸೀತು.

ಆದಕಾರಣ ಊರೂರಿನ ಭಜನಾಮೇಳದವರಲ್ಲಿ ಒಂದು ವಿಜ್ಞಾಪನೆಯುಂಟು. ನಡುಗುವ ಹಿರಿಯರನ್ನು ಮನೆಯ ಮೂಲೆಯಲ್ಲಿ ಕೂಡಿಸದೆ ಮೇಳದ ನಡುವೆ ಕರೆತರಬೇಕು. ಅವರ ಹೆಜ್ಜೆಗೆ ತಕ್ಕಂತೆ ತಾಳವನ್ನು ತಗ್ಗಿಸಬೇಕು. ಮುಂದೆ ನಡೆಯುವವರು ಹಿಂದಿನವರಿಗಾಗಿ ನಿಧಾನಿಸುವದು ದಾಸೋಹದ ಒಂದು ಬಗೆಯೇ ಅಹುದು. ಅವರ ಕೈ ನಡುಗಿದರೆ ನಡುಗಲಿ, ಪ್ರಸಾದವು ಚೆಲ್ಲಿದರೆ ಮತ್ತೆ ನೀಡೋಣವಾಗಲಿ.