ವಿದ್ಯಾರ್ಥಿನಿಯರ ಮನೋವ್ಯಥೆಯೂ ಸಮಾಜದ ಹೊಣೆಯೂ

 

ಮಹೋತ್ಸವದ ಮಂಗಲ ಸಮಯದಲ್ಲಿ ಬಲಾತ್ಕಾರದಂಥ ಅಮಂಗಲ ವಿಷಯವೇತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ಮಠವೆಂಬದು ನೊಂದವರ ಆಶ್ರಯಸ್ಥಾನವು. ಇಲ್ಲಿ ಆಡಲಾಗದ ದುಃಖವನ್ನು ಮತ್ತೆಲ್ಲಿ ಆಡಬೇಕು?

ಕೊಪ್ಪಳ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. ಆಗ ಕನ್ನಡದಲ್ಲಿ ವಿದ್ಯೆ ದೊರೆಯುವದೇ ದುರ್ಲಭವಾಗಿದ್ದಿತು. ಅನಂತರ ಸರಕಾರದ ಶಾಲೆಗಳಿಂದಲೂ, ಕೊಪ್ಪಳದ ಗವಿಮಠದಂಥ ಮಠಗಳ ವಿದ್ಯಾಸಂಸ್ಥೆ ಹಾಗೂ ಪ್ರಸಾದನಿಲಯಗಳಿಂದಲೂ ಒಕ್ಕಲುತನದವರ, ಕೂಲಿಕಾರರ ಮಕ್ಕಳಿಗೆ ಜ್ಞಾನದ ಬಾಗಿಲು ತೆರೆಯಿತು. ಇಂದು ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಕಾಲೇಜಿಗೆ ಬರುವರು. ತಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರೂ ಅವರಲ್ಲಿರುವರು. ಇಂಥವಳೊಬ್ಬಳ ಮೇಲೆ ಬಲಾತ್ಕಾರವಾದರೆ ಆಕೆಯ ದೇಹದ ಗಾಯವನ್ನು ಲೋಕವು ಅರಿಯುವದು. ಮನಸ್ಸಿನ ಗಾಯವನ್ನು ಅರಿಯುವವರು ವಿರಳ.

ಆ ಗಾಯದ ಲಕ್ಷಣಗಳನ್ನು ವೈದ್ಯಶಾಸ್ತ್ರವು ಸ್ಪಷ್ಟವಾಗಿ ಹೇಳಿದೆ. ನಡೆದುದು ಕರೆಯದೆಯೇ ಕಣ್ಣಮುಂದೆ ಬಂದು ನಿಲ್ಲುವದು. ದುಃಸ್ವಪ್ನಗಳು ನಿದ್ದೆಯನ್ನು ಕೆಡಿಸುವವು. ಸಣ್ಣ ಸಪ್ಪಳಕ್ಕೂ ಎದೆ ನಡುಗುವದು. ಆ ಸ್ಥಳ, ಆ ದಾರಿ, ಆ ವೇಳೆ ಬೇಡವೆನಿಸುವದು. ಪುಸ್ತಕ ಹಿಡಿದರೆ ಅಕ್ಷರ ಮನಸ್ಸಿಗೆ ಹತ್ತದು. ತಲೆನೋವು, ಹೊಟ್ಟೆನೋವುಗಳು ಕಾರಣವಿಲ್ಲದೆ ಬಂದಂತೆ ತೋರುವವು. ತರಗತಿಗೆ ಬಾರದವಳನ್ನು ಸೋಮಾರಿಯೆಂದೂ, ಮಾತಾಡದವಳನ್ನು ಗರ್ವಿಷ್ಠೆಯೆಂದೂ ಜನರು ಬಗೆಯುವರು. ಒಳಗೆ ಆಕೆಯು ತನ್ನನ್ನೇ ಹಳಿದುಕೊಳ್ಳುತ್ತಿರುವಳು. ಕೆಲವೊಮ್ಮೆ ಪ್ರಾಣತ್ಯಾಗದ ವಿಚಾರವೂ ಸುಳಿಯುವದು. 1980ರಲ್ಲಿ ಅಮೆರಿಕದ ಮನೋವೈದ್ಯರು ಇಂಥ ಲಕ್ಷಣಸಮೂಹವನ್ನು ಆಘಾತೋತ್ತರ ವ್ಯಾಧಿಯೆಂದು ತಮ್ಮ ರೋಗಪಟ್ಟಿಯಲ್ಲಿ ಸೇರಿಸಿದರು.

ಇಲ್ಲಿ ಸಮಾಜವು ಮಾಡುವ ದೊಡ್ಡ ತಪ್ಪೊಂದಿದೆ. “ಕೂಗಲಿಲ್ಲವೇಕೆ? ಅಂದೇ ಹೇಳಲಿಲ್ಲವೇಕೆ? ಕಣ್ಣೀರಿಲ್ಲದೆ ಹೇಗೆ ಹೇಳುವಳು?” ಎಂದು ಕೇಳುವರು. ಅತಿಭಯದಲ್ಲಿ ದೇಹವು ಮರಗಟ್ಟಿ, ಕೊರಳಿನ ಧ್ವನಿ ಉಡುಗಿಹೋಗುವದುಂಟು. ನೆನಪು ಚೂರುಚೂರಾಗಿ, ಹಿಂದುಮುಂದಾಗಿ ಬರುವದುಂಟು. ಬೋಸ್ಟನ್ ನಗರದ ಆಸ್ಪತ್ರೆಗೆ ಬಂದ ನೊಂದ ಸ್ತ್ರೀಯರನ್ನು ಕಂಡು ಆನ್ ಬರ್ಜೆಸ್, ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಇಬ್ಬರು ವಿದುಷಿಯರು 1974ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಕೆಲವರು ಅತ್ತು ನಡುಗಿದರೆ, ಮತ್ತೆ ಕೆಲವರು ಹೊರಗೆ ಅತ್ಯಂತ ಶಾಂತರಾಗಿ ತೋರಿದರೆಂದು ಅವರು ಬರೆದರು. ಆದುದರಿಂದ ಮೌನವೂ, ವಿಳಂಬವೂ, ಶಾಂತಮುದ್ರೆಯೂ ಸುಳ್ಳಿನ ಗುರುತುಗಳೆಂದು ತಿಳಿಯುವದು ಅಜ್ಞಾನವು. ಅವೂ ಗಾಯದ ಲಕ್ಷಣಗಳೇ ಆಗಿರಬಹುದು.

ಈ ದುಃಖವು ಈ ನಾಡಿಗೆ ದೂರದ್ದಲ್ಲ. 2025ನೆಯ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲೂಕಿನ ಸಾಣಾಪುರದ ಹತ್ತಿರ ಕಾಲುವೆಯ ದಡದಲ್ಲಿ ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರ ನಡೆಯಿತು. ಅವರ ಜತೆಗಿದ್ದವರನ್ನು ಕಾಲುವೆಗೆ ತಳ್ಳಲಾಗಿ ಒಬ್ಬನು ಅಸುನೀಗಿದನು. ವಿದ್ಯಾರ್ಥಿಲೋಕವನ್ನೇ ನೋಡುವದಾದರೆ, 2021ನೆಯ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆಘಾತದಿಂದ ಆಕೆಯು ಮೊದಲ ದಿನಗಳಲ್ಲಿ ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅದೇ ವೇಳೆಗೆ ಅಲ್ಲಿಯ ವಿಶ್ವವಿದ್ಯಾಲಯವು ಸಂಜೆ 6.30ರ ತರುವಾಯ ವಿದ್ಯಾರ್ಥಿನಿಯರು ಆವರಣದಲ್ಲಿ ಒಂಟಿಯಾಗಿ ತಿರುಗಬಾರದೆಂದು ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ಕೇಡು ಮಾಡಿದವರು ಪುರುಷರು, ಕಟ್ಟು ಹೆಣ್ಣುಮಕ್ಕಳಿಗೆ! ಹಳ್ಳಿಯ ಮನೆಗಳಲ್ಲಿಯೂ ಇದೇ ನ್ಯಾಯವು. ವಿಷಯ ತಿಳಿದೊಡನೆ ಮಗಳ ಕಾಲೇಜು ಬಿಡಿಸಿ, ಅವಸರದಿಂದ ಮದುವೆ ಮಾಡಲೆಳಸುವರು. ಹೇಳಿದರೆ ವಿದ್ಯೆ ಹೋಗುವದೆಂದು ಬಲ್ಲವಳು ಹೇಗೆ ಬಾಯಿ ಬಿಟ್ಟಾಳು?

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕೇಳಿದವರು ತಾಯಿಯಾಗಲಿ, ಗೆಳತಿಯಾಗಲಿ, ನಿಲಯದ ಮೇಲ್ವಿಚಾರಕಿಯಾಗಲಿ, “ತಪ್ಪು ನಿನ್ನದಲ್ಲವವ್ವಾ, ನಾವಿದ್ದೇವೆ” ಎಂದು ನುಡಿಯಬೇಕು. ನಡೆದುದನ್ನು ಮತ್ತೆ ಮತ್ತೆ ಹೇಳಿಸಬಾರದು. ಬೇಗನೆ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಸೋಂಕು ತಡೆಯುವ ಕೆಲವು ಔಷಧಿಗಳು 72 ತಾಸುಗಳೊಳಗೆ ಆರಂಭವಾಗಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯು ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ದೂರನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು. ನೊಂದವಳ ಹೆಸರು ಪ್ರಕಟಿಸುವದು ಅಪರಾಧವು. ಪಿ.ಯು. ತರಗತಿಯ ಅನೇಕರು 18 ವರ್ಷ ತುಂಬದವರು. ಅಂಥವರ ವಿಷಯ ತಿಳಿದೂ ಮುಚ್ಚಿಡುವದು 2012ರ ಪೋಕ್ಸೋ ಕಾಯಿದೆಯ ಪ್ರಕಾರ ಶಿಕ್ಷಾರ್ಹವು. ಮನೆತನದ, ಕಾಲೇಜಿನ, ಮಠದ ಮರ್ಯಾದೆಯ ಹೆಸರಿನಲ್ಲಿಯೂ ಮುಚ್ಚಿಡಲಾಗದು. ಗಂಡುಹುಡುಗರಿಗೂ ಇಂಥ ಕೇಡು ಒದಗುವದುಂಟು. ಅವರ ಮಾತನ್ನು ನಗೆಯಾಡಬಾರದು.

ಈ ಗಾಯವು ಮಾಯುವಂಥದೇ. ಮನೆಯವರ ಆಸರೆ ದೊರೆತವರಲ್ಲಿ ಅನೇಕರು ಕೆಲ ತಿಂಗಳುಗಳಲ್ಲಿ ಚೇತರಿಸಿಕೊಳ್ಳುವರು. ಲಕ್ಷಣಗಳು ತಿಂಗಳು ಮೀರಿದರೆ ಮನೋವೈದ್ಯರನ್ನು ಕಾಣಬೇಕು. ಪ್ರಾಣತ್ಯಾಗದ ಮಾತು ಬಂದರಂತೂ ಒಂದು ದಿನವೂ ತಡೆಯಬಾರದು. 2022ರಿಂದ ‘ಟೆಲಿ ಮಾನಸ್’ ಎಂಬ ಸೇವೆಯು 14416 ಎಂಬ ದೂರವಾಣಿಯಲ್ಲಿ ಕನ್ನಡದಲ್ಲಿಯೂ ದೊರೆಯುವದು.

ಕೌಶಿಕನ ಅರಮನೆಯನ್ನು ತೊರೆದು ಏಕಾಕಿನಿಯಾಗಿ ಬಂದ ಮಹಾದೇವಿಯನ್ನು ಕಲ್ಯಾಣದ ಶರಣರು ಬರಮಾಡಿಕೊಂಡರು. ವಯಸ್ಸಿನಲ್ಲಿ ಕಿರಿಯಳಾದವಳನ್ನು ಹಿರಿಯರೆಲ್ಲರೂ ‘ಅಕ್ಕ’ನೆಂದು ಕರೆದರು. ಆ ಪರಂಪರೆಯ ಭಕ್ತರ ಮನೆಯಲ್ಲಿ ನೊಂದ ಮಗಳೊಬ್ಬಳು ತಲೆ ತಗ್ಗಿಸಿ ಕುಳಿತಿರುವದೆಂದರೆ ಅದು ಪರಂಪರೆಗೆ ಕುಂದು. ಲಜ್ಜೆಯು ಕೇಡು ಮಾಡಿದವನ ಪಾಲಿಗಿರಲಿ. ಆಕೆಯ ಕೈಯಲ್ಲಿ ಪುಸ್ತಕವು ಇದ್ದಂತೆಯೇ ಇರಲಿ. ಮಗಳು ನಿರ್ಭಯದಿಂದ ಮಾತಾಡಬಲ್ಲ ಮನೆಯೇ ಮಹಾಮನೆ. ಭಕ್ತರ ಮನೆಗಳೆಲ್ಲ ಅಂಥವಾಗಲೆಂದು ಗುರುಚರಣದಲ್ಲಿ ಬಿನ್ನಹ.