ನೆಲ ಹಾಳಾದರೆ



ನಮ್ಮ ಮುತ್ತಿನಕೊಪ್ಪದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣಿನ ನೆಲ ಹಾಳಾಗಿರುತ್ತದೆ. ಅಲ್ಲಲ್ಲಿ ಗುಂಡಿ. ಮೂಲೆಯಲ್ಲಿ ತೇವ. ಅಜ್ಜಿಯ ಕಾಲು ಜಾರುತ್ತದೆ. ಅಂಬೆಗಾಲಿಡುವ ಮಗು ಥಂಡಿಯಲ್ಲೇ ಓಡಾಡುತ್ತದೆ. “ಸಿಮೆಂಟು ಬಳಿಸಿಬಿಡೋಣ” ಅಂತೀವಿ. ಸ್ವಲ್ಪ ತಡೆಯಿರಿ. ನೀರು ಎಲ್ಲಿಂದ ಬಂತು, ಮೊದಲು ಅದನ್ನು ನೋಡಿ.

ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತದೆಯೇ? ಅದೇ ಒಳಗೆ ಇಳಿಯುತ್ತದೆ. ಹೊರಗೆ ಕಾಲುವೆ ತೋಡಿ ನೀರನ್ನು ದೂರ ಕಳಿಸಿ. ಇದಕ್ಕೆ ದುಡ್ಡು ಬೇಡ, ಒಂದು ಗುದ್ದಲಿ ಸಾಕು.

ಸಣ್ಣ ಗುಂಡಿಯಾದರೆ ಸಡಿಲ ಮಣ್ಣು ತೆಗೆಯಿರಿ. ನೀರು ಚಿಮುಕಿಸಿ. ಹೊಸ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ಬಡಿಯಿರಿ. ಒಣಗಿದ ಮೇಲೆ ಸಗಣಿ ಸಾರಿಸಿ. ಗಟ್ಟಿಯಾದ ಮಣ್ಣಿನ ನೆಲ ಏನೂ ಕಡಿಮೆಯದಲ್ಲ, ನನ್ನ ಕೇಳಿದರೆ.

ನೆಲವೆಲ್ಲ ಕುಸಿದಿದ್ದರೆ ಸಿಮೆಂಟು ಮಾಡಿಸಿ. ಆದರೆ ಮಣ್ಣಿನ ಮೇಲೆ ಬರೀ ತೆಳ್ಳಗೆ ಬಳಿದರೆ ಬಿರುಕು ಬಿಡುತ್ತದೆ. ಹಳೇ ನೆಲ ಅಗೆದು, ಬಡಿದು, ಜಲ್ಲಿ ಕಾಂಕ್ರೀಟು ಹಾಕಿಸಬೇಕು. 1 ಪಾಲು ಸಿಮೆಂಟು, 4 ಪಾಲು ಮರಳು, 8 ಪಾಲು ಜಲ್ಲಿ. ಅದರ ಮೇಲೆ ಗಾರೆ. ಆಮೇಲೆ 7 ದಿನ ನೆಲ ಒಣಗಬಾರದು, ನೀರು ಹಾಕುತ್ತಿರಿ. “ಒಂದೇ ದಿನಕ್ಕೆ ಗಟ್ಟಿಯಾಯ್ತಲ್ಲ” ಅಂತ ಮೇಸ್ತ್ರಿ ಅಂದರೂ ನೀವು ನೀರು ಹಾಕುವುದನ್ನು ಬಿಡಬೇಡಿ.

ಸಿಮೆಂಟು ಚೀಲ 50 ಕಿಲೋ. ತಯಾರಾದ ವಾರ, ವರ್ಷ ಎರಡೂ ಅದರ ಮೇಲೆ ಅಚ್ಚಾಗಿರುತ್ತವೆ. ಈಗ ನಿಮಗೆ ಅಂಕಿ ಬರುತ್ತದಲ್ಲ, ನೀವೇ ಓದಿ. ವರ್ಷಕ್ಕೆ 52 ವಾರ. ಲೆಕ್ಕ ಹಾಕಿ. ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ, ಮುಟ್ಟಿದಾಗ ಒಳಗೆ ಗಂಟು ಸಿಕ್ಕರೆ, ಅಂಗಡಿಯಲ್ಲೇ ಬೇಡ ಅನ್ನಿ.